ಮಾತಾಡಬಾರದ ನೆಲಮಾಳಿಗೆ

ಆ ಮನೆತನದ ಕೆಂಪು ವೈನಿಗೆ ತಲೆತಲಾಂತರದ ಹೆಸರಿತ್ತು. ಹೆಸರಿನ ಬೆನ್ನಿಗೇ ಒಂದು ಕಟ್ಟಳೆಯೂ ಇತ್ತು. ನೆಲಮಾಳಿಗೆಯ ತೊಟ್ಟಿಗಳಲ್ಲಿ ದ್ರಾಕ್ಷಿಯ ರಸ ಹುದುಗುತ್ತಿರುವಷ್ಟು ದಿನ ಅಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಮಾತು ತಾಗಿದರೆ ವೈನು ಮುನಿಸಿಕೊಳ್ಳುತ್ತದಂತೆ. ಹೊಸ ಸೊಸೆಗೆ ಇದನ್ನು ಹೇಳಿದ ನಾದಿನಿ, "ನಿಮಗೇನು ಕಷ್ಟ ಅತ್ತಿಗೆ? ನೀವು ವರ್ಷಪೂರ್ತಿ ಹಾಗೇ ಇರ್ತೀರಲ್ಲ," ಎಂದು ನಕ್ಕಿದ್ದಳು.

ರಸ ಕದಡುವುದು ಮನೆಯ ಮಗನೇ, ಅದೂ ಒಬ್ಬನೇ. ಇಳಿಜಾರಿಗೆ ತೆರೆದುಕೊಳ್ಳುವ ಕೆಳಗಿನ ಬಾಗಿಲಿಗೆ ಬೀಗ, ಸಂದುಗಳಿಗೆ ಗೋಣಿಪಟ್ಟಿ. ಥಂಡಿ ಒಳಗೆ ಹೊಕ್ಕರೆ ಹುದುಗು ಸತ್ತು ವರ್ಷದ ವೈನೇ ಕೆಡುತ್ತದೆ. ಬೀಗದ ಕೈ ಮಾವನ ಸೊಂಟದಲ್ಲಿ. ಹುದುಗುವ ರಸ ಬಿಡುವ ಕೆಟ್ಟ ಗಾಳಿ ಹೊಗೆಯಂತೆ ಮೇಲೇಳುವುದಿಲ್ಲ, ನೀರಿನಂತೆ ನೆಲದಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಹೇಳಿಕೊಟ್ಟವರು ಅತ್ತೆ. ಚಿಕ್ಕಮಾವ ಸತ್ತದ್ದು ಅದರಲ್ಲೇ.

"ಆ ವರ್ಷದ ವೈನನ್ನೇ ಜನ ಇವತ್ತಿಗೂ ಕೇಳ್ಕೊಂಡು ಬರ್ತಾರೆ," ಎಂದು ಅತ್ತೆ ದನಿ ತಗ್ಗಿಸಿ ಹೇಳಿ, ಮತ್ತೆ ಗಾಜಿನ ಲೋಟ ಒರೆಸತೊಡಗಿದ್ದರು. ಮದುವೆಯ ಊಟಕ್ಕೆ ಕೊಟ್ಟದ್ದೂ ಅದೇ ವೈನು. ಎಲ್ಲರೂ ಬಾಯ್ತುಂಬ ಹೊಗಳಿದ್ದರು. ಅವಳೂ ಎರಡು ಗುಟುಕು ಕುಡಿದಿದ್ದಳು.

ಆ ಮಧ್ಯಾಹ್ನ ಗಂಡ ಉದ್ದನೆಯ ಕೋಲು ಹಿಡಿದು ಕೆಳಗಿಳಿದ. ಅವಳು ಎಂದಿನಂತೆ ಮೆಟ್ಟಿಲ ಮೇಲ್ತುದಿಯಲ್ಲಿ ಕೂತಳು. ತೇಲಿಬಂದ ಸಿಪ್ಪೆಯ ಹೆಪ್ಪನ್ನು ಅವನು ಕೆಳಕ್ಕೊತ್ತುವ ಸದ್ದು: ದಬಕ್, ದಬಕ್. ಅದಕ್ಕೆ ಕಿವಿಗೊಟ್ಟು ಜೀವ ಬಿಗಿಹಿಡಿದು ಕೂರುವುದೇ ಅವಳ ದಿನಚರಿಯಾಗಿತ್ತು.

ಸದ್ದು ನಿಂತಿತು.

ಸುಧಾರಿಸಿಕೊಳ್ಳುತ್ತಿರಬಹುದು. ಕರೆಯಲೇ? ಕರೆದು, ಅವನು ಸುಮ್ಮನೆ ಬೆವರೊರೆಸಿಕೊಳ್ಳುತ್ತಿದ್ದರೆ, ವೈನು ಕೆಟ್ಟ ಪಾಪವೆಲ್ಲ ಅವಳ ತಲೆಗೆ. ಜನ್ಮವಿಡೀ ಆಡಿಕೊಳ್ಳುತ್ತಾರೆ. ಬಾಯಿ ತೆರೆದಳು, ಮುಚ್ಚಿದಳು. ಅಷ್ಟರಲ್ಲಿ ಕೋಲು ಕಲ್ಲಿನ ಮೇಲೆ ಬಿದ್ದು ಉರುಳಿದ್ದು ಕೇಳಿಸಿತು.

ಆಗ ಕೂಗಿದಳು. ತನಗೆ ಅಷ್ಟು ದೊಡ್ಡ ದನಿಯಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕೆಳಗಿನಿಂದ ಉತ್ತರವಿಲ್ಲ. ಓಡಿಬಂದವರು ಮಾವ, ಬೈಯಲೆಂದೇ, ಮುಖ ಕೆಂಪಗೆ ಮಾಡಿಕೊಂಡು. ಹಿಂದೆಯೇ ಪೀಪಾಯಿ ಮಾಡುವ ಬಡಗಿ. ಇಳಿಯಹೋದ ಬಡಗಿಯನ್ನು ಅವಳು ತೋಳು ಹಿಡಿದು ನಿಲ್ಲಿಸಿದಳು. ಇಳಿದರೆ ಹೆಣ ಎರಡಾಗುತ್ತದೆ. ಕೆಳಗಿನ ಬಾಗಿಲು ತೆಗೆದರೆ ಮಾತ್ರ ನಿಂತ ಗಾಳಿ ಇಳಿಜಾರಿಗೆ ಹರಿದುಹೋದೀತು.

"ಮಾವ, ಬೀಗದ ಕೈ ಕೊಡಿ."

ಮಾವನ ಕೈ ಸೊಂಟಕ್ಕೆ ಹೋಯಿತು. ಅಲ್ಲೇ ನಿಂತಿತು.

"ಇನ್ನೊಂದ್ಸಲ ಕೂಗಿ ನೋಡಮ್ಮ," ಎಂದರು, ಮೆತ್ತಗೆ.

ಅವಳು ಕೂಗಲಿಲ್ಲ. ಅವರ ಸೊಂಟಕ್ಕೇ ಕೈಹಾಕಿ ಕಿತ್ತುಕೊಂಡು, ಮನೆ ಸುತ್ತಿ ಇಳಿಜಾರಿಗೆ ಓಡಿದಳು. ಬೀಗ ತೆಗೆದಳು. ಹಿಂದೆಯೇ ಓಡಿಬಂದ ಬಡಗಿ ಬಾಗಿಲನ್ನು ಒದ್ದು ಗೋಣಿಪಟ್ಟಿ ಹರಿದ. ಒಳಗಿನ ಗಾಳಿ ಅವಳ ಪಾದಗಳ ಮೇಲೆ ಸದ್ದಿಲ್ಲದೆ ಹರಿದುಹೋಯಿತು. ತುಸು ಕಾದು, ಉಸಿರು ಬಿಗಿಹಿಡಿದು ಒಳನುಗ್ಗಿದ ಬಡಗಿ, ಗಂಡನ ಕಾಲು ಹಿಡಿದು ದರದರ ಎಳೆತಂದು ಹುಲ್ಲಿನ ಮೇಲೆ ಮಲಗಿಸಿದ. ತುಟಿ ನೀಲಿಗಟ್ಟಿತ್ತು. ಅವಳು ಅವನ ಎದೆ ಒತ್ತಿದಳು, ಕೆನ್ನೆಗೆ ಬಡಿದಳು. ಕೊನೆಗೆ ಎದೆ ಏರಿತು.

ಕಣ್ಣು ಬಿಟ್ಟವನು ಅವಳನ್ನು ನೋಡಿದ. ಆಮೇಲೆ ಅವಳ ಹೆಗಲಾಚೆಗೆ. ಏನೋ ಗೊಣಗಿದ. ಅವಳು ಕಿವಿ ಹತ್ತಿರ ತಂದಳು.

"ಬಾಗಿಲು ಹಾಕು. ಥಂಡಿ ಹೊಡೆಯುತ್ತೆ."

"ಚಳಿ ಆಗ್ತಿದೆಯಾ ನಿಮಗೆ?"

"ನನಗಲ್ಲ."

ಅವಳು ತಿರುಗಿದಳು. ಮಾವ ಆಗಲೇ ಮಂಡಿಯೂರಿ ಕೂತು, ಮುಚ್ಚಿದ ಬಾಗಿಲ ಸಂದಿಗೆ ಹರಿದ ಗೋಣಿಯನ್ನು ಹೆಬ್ಬೆರಳಿನಿಂದ ತುರುಕುತ್ತಿದ್ದರು.