ಸ್ವಲ್ಪ ಸುಸ್ತು ಅಷ್ಟೇ

ನನಗೆ ಸಾಕಾಗಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಣಿಪಾಲದ ಒಂದು ಆಸ್ಪತ್ರೆಯ ಫೋನ್ ಡೆಸ್ಕಿನಲ್ಲಿ ಹದಿನಾರು ವರ್ಷ ಕುಳಿತು, ಯಾವ ರೋಗಿಗೆ ಯಾವ ಡಾಕ್ಟರು, ಯಾವ ದಿನ ಎಂದು ಗೊತ್ತುಮಾಡಿದವಳು ಈ ಶಮ್ನಾ. ಈಗ ಆ ಕೆಲಸವನ್ನು ಒಬ್ಬಳು ಎಐ ಸಹಾಯಕಿ ಮಾಡುತ್ತಾಳೆ. ಕರೆ ಬಂದರೆ ಅವಳೇ ಎತ್ತುತ್ತಾಳೆ, ಚೆಂದದ ಕನ್ನಡದಲ್ಲಿ ಮಾತಾಡುತ್ತಾಳೆ, ದಿನ ಕೊಡುತ್ತಾಳೆ. ಅವಳು ಏನು ಕೇಳಬೇಕು, ಹೇಗೆ ಮಾತಾಡಬೇಕು ಎಂಬ ಪ್ರಾಂಪ್ಟ್ ಬರೆಯುವುದು ನನ್ನ ಪಾಲಿಗೆ ಬಂತು. ವಾರಕ್ಕೊಮ್ಮೆ ಅವಳಾಡಿದ ಮಾತುಗಳನ್ನೆಲ್ಲ ಓದಿ ತಪ್ಪು ಹುಡುಕುವುದೂ ನನ್ನದೇ. ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಿದ್ದಲ್ಲ, ಜವಾಬ್ದಾರಿ ಬದಲಿಸಿದ್ದು ಎಂದರು ಆಸ್ಪತ್ರೆಯವರು. ಅಳಿಯ ಅಲ್ಲ, ಮಗಳ ಗಂಡ. ಕಾಪುವಿನಿಂದ ಬಸ್ಸಿನಲ್ಲಿ ನಿಂತುಕೊಂಡು ಬಂದು, ಸಂಜೆ ನಿಂತುಕೊಂಡೇ ಹೋಗುವುದರಲ್ಲಿ ಮಾತ್ರ ಏನೂ ಬದಲಾಗಲಿಲ್ಲ.

ಮ್ಯಾನೇಜರ್ ಪ್ರತೀಕ್ ಎರಡು ದಿನದ ತರಬೇತಿ ಮುಗಿಸಿ ಬಂದವನು. "ಮೇಡಂ, ಪ್ರಾಂಪ್ಟ್ ಅಂದರೆ ಹೊಸದಾಗಿ ಸೇರಿದವರಿಗೆ ಕೆಲಸ ಹೇಳಿಕೊಟ್ಟ ಹಾಗೆ. ಅವಳಿಗೆ ಎಂತದೂ ಗೊತ್ತಿಲ್ಲ ಅಂತ ತಿಳಿದು ಬರೆಯಿರಿ, ಅಲ್ವಾ?" ಎಂದ.

ಹೇಳುವವನಿಗೇನು. ನಾನು ಹನ್ನೊಂದು ಸಲ ಬರೆದೆ. ಒಂದು ಸಲ ಅವಳು ಹಲ್ಲುನೋವಿನವರನ್ನೂ ತುರ್ತು ವಿಭಾಗಕ್ಕೆ ಓಡಿಸಿದಳು. ಇನ್ನೊಂದು ಸಲ ಹಾಜಬ್ಬ ಎಂಬ ಅಜ್ಜನಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದಳು, ಅವರು ಸಿಟ್ಟಾಗಿ ದೂರು ಕೊಟ್ಟರು. ಕೊನೆಗೆ ಹೀಗೆ ಬರೆದೆ: ಎದೆನೋವು, ಉಸಿರಾಟದ ತೊಂದರೆ, ಬೆವರು ಇದೆಯೇ ಎಂದು ಒಮ್ಮೆ ಕೇಳು. ಇದೆ ಎಂದರೆ ಕೂಡಲೇ ತುರ್ತು ವಿಭಾಗಕ್ಕೆ ಬರಲು ಹೇಳು. ಇಲ್ಲ ಎಂದರೆ ಮತ್ತೆ ಕೆದಕಬೇಡ, ಪ್ರೀತಿಯಿಂದ ಮಾತಾಡಿ ದಿನ ಕೊಡು. ದೂರುಗಳು ನಿಂತುಹೋದವು. ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಬುಧವಾರ ಬೆಳಿಗ್ಗೆ ವಾರದ ಮಾತುಗಳನ್ನು ಓದುತ್ತಿದ್ದೆ. ಓದಿ ಓದಿ ಕಣ್ಣು ಎಳೆಯುತ್ತಿತ್ತು. ಮೂವತ್ತನೆಯದೋ ಏನೋ, ಸೋಮವಾರದ ಕರೆ. ಪಡುಬಿದ್ರಿಯ ವಿನೋದಾ, ಅರವತ್ತೆರಡು ವರ್ಷ.

"ತೊಂದರೆ ಅಂತ ಎಂತ ಇಲ್ಲ. ಸ್ವಲ್ಪ ಸುಸ್ತು ಅಷ್ಟೇ. ಗ್ಯಾಸ್ ಇರಬೇಕು," ಎಂದು ವಿನೋದಾ ಹೇಳಿದ್ದರು.

"ಎದೆನೋವು, ಉಸಿರಾಟದ ತೊಂದರೆ ಅಥವಾ ಬೆವರು ಇದೆಯೇ ಅಮ್ಮಾ?" ಎಂದು ನಮ್ಮ ಸಹಾಯಕಿ ಕೇಳಿದ್ದಳು.

"ಇಲ್ಲ ಇಲ್ಲ, ನೋವು ಎಲ್ಲ ಇಲ್ಲ. ಭುಜ ಸ್ವಲ್ಪ ಹಿಡಿದ ಹಾಗೆ ಉಂಟು, ಅದು ಕಲ್ಲಿನಲ್ಲಿ ಅಕ್ಕಿ ಕಡೆದದ್ದಕ್ಕೆ. ಗುರುವಾರ ಮಗಳ ಸೀಮಂತ. ಅದು ಮುಗಿದ ಮೇಲೆ ಒಂದು ದಿನ ಕೊಡಿ."

"ಖಂಡಿತ ಅಮ್ಮಾ. ಶುಕ್ರವಾರ ಹನ್ನೊಂದೂವರೆಗೆ ಬನ್ನಿ. ಅಲ್ಲಿಯವರೆಗೆ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ."

ಪ್ರಾಂಪ್ಟಿಗೆ ಒಂದಕ್ಷರ ತಪ್ಪಿರಲಿಲ್ಲ. ನಾನು ಫೋನ್ ಹತ್ತಿರ ಎಳೆದುಕೊಂಡೆ. ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಾಗಲಿ, ತುಳು ಮನೆಗಳಾಗಲಿ, ಮನೆಯಲ್ಲಿ ಶುಭಕಾರ್ಯ ಇರುವಾಗ ಹೆಂಗಸರು ತಮ್ಮ ನೋವಿನ ಹೆಸರು ಎತ್ತುವುದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದಾಗಂತೂ ಇಸ್ತ್ರಿ ಹಾಕಿದ ಕನ್ನಡ, ಅದರಲ್ಲಿ ಮರ್ಯಾದೆಯ ಸಂಗತಿ ಮಾತ್ರ. ಹದಿನಾರು ವರ್ಷದಲ್ಲಿ ನಾನು ಇಂಥವರನ್ನು ನೋವುಂಟಾ ಎಂದು ಕೇಳಿದ್ದೇ ಇಲ್ಲ. ಇವತ್ತು ಬಟ್ಟೆ ಒಗೆದದ್ದು ಯಾರು, ಕೊಡ ಎತ್ತಿದ್ದು ಯಾರು ಎಂದು ಕೇಳುತ್ತಿದ್ದೆ. ತಾನಲ್ಲ ಎಂದರೆ ಕಾಯಿಲೆ ಜೋರಾಗಿದೆ ಎಂದೇ ಅರ್ಥ. ಅದನ್ನು ಬರೆಯಬೇಕೆಂದು ತೋಚಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ. ಆಸ್ಪತ್ರೆಯ ಪ್ರಾಂಪ್ಟಿನಲ್ಲಿ ಬಟ್ಟೆ ಒಗೆಯುವ ಮಾತೇ ಎಂದುಕೊಂಡಿರಬೇಕು ನಾನು.

ವಿನೋದಾ ಮೂರನೇ ಸಲಕ್ಕೆ ಫೋನ್ ಎತ್ತಿದರು. ಹಿಂದೆ ನೆಂಟರ ಗದ್ದಲ.

"ಆಸ್ಪತ್ರೆಯಿಂದಲಾ? ಶುಕ್ರವಾರ ಅಲ್ವಾ ಹೇಳಿದ್ದು?"

ನಾನು ಕನ್ನಡ ಬಿಟ್ಟು ತುಳುವಿನಲ್ಲಿ ಕೇಳಿದೆ. "ವಿನೋದಕ್ಕ, ಇವತ್ತು ಬಟ್ಟೆ ಯಾರು ಒಗೆದದ್ದು?"

"ತಂಗಿ ಬಂದಿದ್ದಾಳೆ. ಅವಳು."

"ನಿನ್ನೆ?"

"ನಿನ್ನೆಯೂ ಅವಳೇ."

"ಮಲಗಲಿಕ್ಕೆ ಆಗ್ತದಾ?"

"ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗ್ತದೆ. ಗೋಡೆಗೆ ಒರಗಿ ಕೂರುವುದು." ಅವರ ಧ್ವನಿ ಸಣ್ಣದಾಯಿತು. "ಯಾರಿಗೂ ಹೇಳಬೇಡಿ ಮಾರಾಯ್ತಿ. ನಾಳೆ ಒಂದು ದಿನ ಮುಗಿಯಲಿ."

"ಈಗಲೇ ಹೊರಡಬೇಕು. ಫೋನ್ ನಿಮ್ಮ ಗಂಡನಿಗೆ ಕೊಡಿ."

"ಕೊಡುವುದಿಲ್ಲ."

ಆಗ ನನಗೆ ತಾಳ್ಮೆ ತಪ್ಪಿತು. "ನಾಳೆ ಅಡುಗೆಮನೆಯಲ್ಲಿ ಬಿದ್ದು ಸತ್ತರೆ ಮಗಳು ಸೀರೆ ಉಡುವುದಾ, ನಿಮ್ಮ ಹೆಣ ಕಾಯುವುದಾ?" ಎಂದೆ. ಬಸುರಿ ಇರುವ ಮನೆಗೆ ಫೋನ್ ಮಾಡಿ ಹೆಣ ಎಂದೆ. ಆ ಕಡೆಯಿಂದ ಬಂದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಬೈದು ಬೈದು ಉಸಿರು ಸಾಲದೆ ಏದುಸಿರು ಬಿಟ್ಟದ್ದು ಪಕ್ಕದಲ್ಲಿದ್ದ ಗಂಡ ತಾರಾನಾಥರ ಕಿವಿಗೆ ಬಿತ್ತು. ಅವರೇ ಫೋನ್ ಕಿತ್ತುಕೊಂಡರು.

ಒಂದು ಗಂಟೆಯಲ್ಲಿ ಕರೆತಂದರು. ಹೃದಯಾಘಾತ ಭಾನುವಾರವೇ ಆಗಿತ್ತು. ಜೀವ ಉಳಿಯಿತು. ಆದರೆ ವಾರ್ಡಿನ ನರ್ಸ್ ಬೆನೆಡಿಕ್ಟಾ, ಕಾರ್ಕಳದವಳು, ಯಾವತ್ತೂ ಮುಚ್ಚಿಟ್ಟು ಮಾತಾಡಿದವಳಲ್ಲ. "ಸೋಮವಾರವೇ ಬಂದಿದ್ದರೆ ಹೃದಯ ಇಷ್ಟು ಹಾಳಾಗುತ್ತಿರಲಿಲ್ಲವಂತೆ ಶಮ್ನಾ. ಇನ್ನು ಮೆಟ್ಟಿಲು ಹತ್ತುವುದೂ ಕಷ್ಟ," ಎಂದಳು. ನಾನು ಕ್ಯಾಂಟೀನಿಗೆ ಹೋಗಿ ಚಹಾ ತೆಗೆದುಕೊಂಡೆ, ಕುಡಿಯಲಾಗಲಿಲ್ಲ.

"ಒಂದು ಸಾಲು ಸೇರಿಸಿಬಿಡಿ ಮೇಡಂ, ಆಯಿತಲ್ಲ," ಎಂದ ಪ್ರತೀಕ್. ಸೇರಿಸಿದೆ. ಇಲ್ಲ ಎಂದರೂ ನಂಬಬೇಡ, ಮನೆಗೆಲಸ ಯಾರು ಮಾಡುತ್ತಿದ್ದಾರೆ ಕೇಳು, ಹೇಗೆ ಮಲಗುತ್ತಾರೆ ಕೇಳು. ಹನ್ನೆರಡನೇ ಪ್ರಾಂಪ್ಟ್. ಬರೆಯಲು ನಾಲ್ಕು ನಿಮಿಷ ಹಿಡಿಯಿತು.

ಶನಿವಾರ ವಾರ್ಡಿಗೆ ಹೋದೆ. ಕ್ಷಮೆ ಕೇಳುವ ಮನಸ್ಸಿತ್ತು. "ಹೇಗಿದ್ದೀರಿ ವಿನೋದಕ್ಕ?" ಎಂದದ್ದೇ ತಡ, ಧ್ವನಿ ಗುರುತು ಹಿಡಿದು ಮುಖ ಗೋಡೆಯ ಕಡೆ ತಿರುಗಿಸಿದರು.

"ಹೆಣ ಅಂದವರು ನೀವೇ ಅಲ್ವಾ? ನಿಮ್ಮದು ಒಳ್ಳೆಯ ಬಾಯಿ ಅಲ್ಲ. ಮಗಳ ಸೀಮಂತ ನಿಂತುಹೋಯಿತು."

"ಹೌದಕ್ಕ," ಎಂದೆ.

ಆಮೇಲೆ ಅವರೇ ಈ ಕಡೆ ತಿರುಗಿದರು. "ಸೋಮವಾರ ಫೋನಿನಲ್ಲಿ ಮಾತಾಡಿದ ಹುಡುಗಿ ಯಾರು? ಎಷ್ಟು ಒಳ್ಳೆಯವಳು ಮಾರಾಯ್ತಿ! ನಾನು ಹೇಳಿದ್ದನ್ನು ನಂಬಿದಳು. ವಿಶ್ರಾಂತಿ ತೆಗೆದುಕೊಳ್ಳಿ ಅಮ್ಮಾ ಅಂದಳು. ಮದುವೆಯಾಗಿ ಮೂವತ್ತೈದು ವರ್ಷ ಆಯಿತು, ನನಗೆ ಹಾಗೆ ಹೇಳಿದವರು ಒಬ್ಬರೂ ಇಲ್ಲ. ಒಮ್ಮೆ ಅವಳನ್ನು ಕರೆಯಿರಿ, ಮುಖ ನೋಡಬೇಕು."

ಹಾಗೆ ಹೇಳಲು ಅವಳಿಗೆ ಕಲಿಸಿದವಳು ನಾನೇ ಎನ್ನಬಹುದಿತ್ತು. ಆ ಹುಡುಗಿ ನಿಮ್ಮನ್ನು ಕೊಲ್ಲುತ್ತಿದ್ದಳು ಎಂದೂ ಹೇಳಬಹುದಿತ್ತು. ನಾನು ಬಂದು ಹತ್ತು ನಿಮಿಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಾಣುತ್ತಿತ್ತು.

"ಅವಳಿಗೆ ಇವತ್ತು ರಜೆ," ಎಂದೆ.