ಐದೂವರೆ ತಾಸಿನ ಅಂತರ

ನಾನೊಂದು ಕಂಪ್ಯೂಟರ್. ಬೆಳಗಾವಿಯ ಓಣಿಯೊಂದರ ಮಹಡಿ ಅಂಗಡಿಯಲ್ಲಿ ಜಾಫರ್ ಮುಲ್ಲಾ ಎಂಬಾತ ನನ್ನನ್ನು ಜೋಡಿಸಿದ. ಬೇರೆ ಬೇರೆ ಡಬ್ಬಿಗಳಲ್ಲಿ ಬಂದ ನನ್ನ ಅಂಗಗಳನ್ನು ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು, ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದನ್ನೇ ಕೂರಿಸಿದ. ಸಂಜೆಗೆ ಗುಂಡಿ ಒತ್ತಿದಾಗ ನನ್ನ ಫ್ಯಾನು ತಿರುಗಿತು, ಪರದೆ ಬೆಳಗಿತು. "ಎದ್ದಿ ಅಲ್ಲ, ಮತ್ತೇನ್ ಬೇಕು" ಎಂದು ಆತ ನನ್ನ ತಗಡಿನ ಬೆನ್ನು ತಟ್ಟಿದ.

ಮೊದಲ ನಾಲ್ಕು ವರ್ಷ ಒಂದು ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಕಳೆದೆ. ಮಿರ್ಚಿ ತಿಂದ ಬೆರಳುಗಳು, ಅರ್ಧಕ್ಕೆ ಬಿಟ್ಟ ಲೆಕ್ಕಗಳು, ನಗು. ಅಲ್ಲಿಗೆ ಹೊಸ ಯಂತ್ರಗಳು ಬಂದಾಗ ನನ್ನನ್ನು ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ಕರಿಗುಂಡಿ ಅಣೆಕಟ್ಟಿಗೆ ಕಳಿಸಿದರು.

ಅಣೆಕಟ್ಟಿನ ಮೇಲೊಂದು ಸಣ್ಣ ಕೋಣೆ. ಕಿಟಕಿಯ ತುಂಬ ನೀರು. ಅಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವಳು ದಾನಮ್ಮ ಬಡಿಗೇರ. ಅಣೆಕಟ್ಟಿನ ಕೆಳಗೆ ಹೊಳೆದಂಡೆಯ ಹೊಳೆಮಡ್ಡಿ ಊರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಬಂದೊಡನೆ ಸೆರಗಿನಿಂದ ನನ್ನ ಪರದೆ ಒರೆಸಿ, ಆಮೇಲೆ ಕೆಲಸಕ್ಕೆ ಕೂರುತ್ತಿದ್ದಳು. ಗೇಟು ಎತ್ತುವವನು ಅದೇ ಊರಿನ ಗೂಳಪ್ಪ. ಕೈಯೆಲ್ಲ ಗ್ರೀಸು. ನನಗೆ ಎಲ್ಲಿ ಮೆತ್ತಿಕೊಳ್ಳುತ್ತದೋ ಎಂದು ಆತ ಎಂದೂ ಮೇಜು ಮುಟ್ಟುತ್ತಿರಲಿಲ್ಲ.

ನನಗೆ ಎರಡು ಕೆಲಸ. ನೀರಿನ ಮಟ್ಟ ಬರೆದಿಡುವುದು ಒಂದು. ಇನ್ನೊಂದು ಭೋಂಗಾ, ಅಂದರೆ ನೀರು ಬಿಡುವ ಮುಂಚೆ ಹೊಳೆಯಲ್ಲಿದ್ದವರನ್ನು ಎಚ್ಚರಿಸುವ ಸೈರನ್ನು, ಕೂಗಿಸುವುದು. ಆ ಭೋಂಗಾ ಇದ್ದದ್ದು ಮೂರು ಕಿಲೋಮೀಟರ್ ಕೆಳಗೆ, ಹೊಳೆಮಡ್ಡಿಯ ಕಂಬದ ಮೇಲೆ. ಗೇಟು ಎತ್ತುವ ದಿನ ಸಮಯವನ್ನು ನನ್ನಲ್ಲಿ ತುಂಬಿಸಿದರೆ, ಆ ಹೊತ್ತಿಗೆ ಸರಿಯಾಗಿ ನಾನು ವೈರ್‌ಲೆಸ್ಸಿನಲ್ಲಿ ಅದಕ್ಕೆ ಅಪ್ಪಣೆ ಕಳಿಸುತ್ತಿದ್ದೆ. ಅದು ಕೂಗಿದ ಒಂದು ತಾಸಿಗೆ ಗೂಳಪ್ಪ ಗೋಡೆಯ ಗಡಿಯಾರ ನೋಡಿ ಗೇಟು ಎತ್ತುತ್ತಿದ್ದ. ನಡುವೆ ಗುಡ್ಡ ಇದ್ದುದರಿಂದ ಭೋಂಗಾದ ಸದ್ದು ಅಣೆಕಟ್ಟಿಗೆ ಕೇಳುತ್ತಿರಲಿಲ್ಲ. ಅದು ಕೂಗಿರುತ್ತದೆ ಎಂದು ಎಲ್ಲರೂ ನಂಬಿದ್ದರು.

ಮೂರನೆಯ ಮಳೆಗಾಲಕ್ಕೆ ಅರವಿಂದ ಹುಕ್ಕೇರಿ ಎಂಬ ಹೊಸ ಎಂಜಿನಿಯರ್ ಬಂದರು. ಮಳೆಯ ಮಾಹಿತಿಗೆಂದು ಮೇಲಿನ ಕಚೇರಿ ಕೊಟ್ಟ ಪ್ರೋಗ್ರಾಮು ನನ್ನ ಓಎಸ್‌ನಲ್ಲಿ, ಅಂದರೆ ನನ್ನನ್ನು ನಡೆಸುವ ಮೂಲ ತಂತ್ರಾಂಶದಲ್ಲಿ, ಓಡುತ್ತಿರಲಿಲ್ಲ. ಅದಕ್ಕೆ ಬೇರೆಯದೇ ಓಎಸ್ ಬೇಕಿತ್ತು. ಜಾಫರ್‌ನನ್ನು ಕರೆಸಿದರು.

"ಸಾಹೇಬ್ರ, ಭೋಂಗಾದ ಮಷಿನ್ ಐತ್ರಿ ಇದು. ಮಳಿ ಕೆಲಸಕ್ಕ ಬ್ಯಾರೆ ಒಂದ ತಗೋರಿ," ಎಂದ ಜಾಫರ್.

"ಇದರಾಗ ಎರಡೂ ಕುಂದರತಾವಲ್ಲ?"

"ಕುಂದರತಾವ್ರಿ. ಆದ್ರ..."

"ಹಂಗಾರ ಕುಂದರ್ಸು."

ಆತ ನನ್ನ ಡಿಸ್ಕನ್ನು ಎರಡು ಪಾಲು ಮಾಡಿದ. ಅಂದಿನಿಂದ ನನ್ನನ್ನು ಎಬ್ಬಿಸಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತಿದ್ದವು. ಯಾವುದನ್ನು ಆರಿಸಿದರೆ ಅದು ಏಳುತ್ತಿತ್ತು, ಇನ್ನೊಂದು ಮಲಗಿರುತ್ತಿತ್ತು. ಒಂದು ಮಾಡಿದ್ದು ಇನ್ನೊಂದಕ್ಕೆ ಗೊತ್ತಾಗುತ್ತಿರಲಿಲ್ಲ. ಕೋಣೆಯಲ್ಲಿ ಅವುಗಳನ್ನು 'ಹಳೇದು', 'ಹೊಸಾದು' ಎನ್ನುತ್ತಿದ್ದರು. ಬೆಳಿಗ್ಗೆ ಹೊಸದರಲ್ಲಿ ಮಳೆಯ ಮಾಹಿತಿ ಇಳಿಸಿಕೊಂಡು, ಅದನ್ನು ಮುಚ್ಚಿ, ಹಳೆಯದನ್ನು ತೆರೆಯುವುದು ದಿನದ ಕ್ರಮವಾಯಿತು.

ಎರಡಕ್ಕೂ ಇದ್ದ ಗಡಿಯಾರ ಒಂದೇ. ಕೆಡುಕು ಶುರುವಾದದ್ದು ಅಲ್ಲಿಂದ. ಹೊಸದು ಇಂಟರ್‌ನೆಟ್ಟಿಗೆ ಹೋಗಿ, ಆ ಗಡಿಯಾರವನ್ನು ಜಗತ್ತಿಗೆಲ್ಲ ಸಾಮಾನ್ಯವಾದ ಸಮಯಕ್ಕೆ ತಿರುಗಿಸಿಟ್ಟು, ಪರದೆಯ ಮೇಲೆ ಮಾತ್ರ ನಮ್ಮ ದೇಶದ ಐದೂವರೆ ತಾಸು ಕೂಡಿಸಿ ತೋರಿಸುತ್ತಿತ್ತು. ಹಳೆಯದಕ್ಕೆ ಕೂಡಿಸುವುದು ಗೊತ್ತಿರಲಿಲ್ಲ. ಗಡಿಯಾರ ಹೇಳಿದ್ದನ್ನೇ ನಂಬುತ್ತಿತ್ತು. ಹೊಸದನ್ನು ಮುಚ್ಚಿ ಹಳೆಯದನ್ನು ತೆರೆದಾಗಲೆಲ್ಲ ನಾನು ಐದೂವರೆ ತಾಸು ಹಿಂದೆ ಬೀಳುತ್ತಿದ್ದೆ.

ದಾನಮ್ಮ ಎರಡನೆಯ ದಿನವೇ ಅದನ್ನು ಕಂಡುಕೊಂಡಳು. ಒಂಬತ್ತು ಗಂಟೆಗೆ ಬರೆದ ನೀರಿನ ಮಟ್ಟ ಮೂರೂವರೆಯದು ಎಂದು ದಾಖಲಾಗಿತ್ತು. ಓಡಿ ಹೋಗಿ ಹುಕ್ಕೇರಿಯವರನ್ನು ಕರೆತಂದಳು.

"ಸಾಹೇಬ್ರ, ಇದರಾಗ ಭೋಂಗಾಕ್ಕ ಟೈಮ್ ಹಾಕಿದ್ರ ಏನ್ ಗತಿರಿ?"

"ಕೈಲೆ ತಿದ್ರಿ, ಆತು. ಇಷ್ಟಕ್ಕ ಯಾಕ ಗಾಬರಿ ಆಗ್ತೀರಿ?"

"ನಾ ಇರಲಾರದ ದಿನ ಯಾರ್ ತಿದ್ದತಾರ್ರಿ?"

"ನಾ ಇರತೇನಲ್ಲ," ಎಂದರು ಹುಕ್ಕೇರಿ.

ಆಕೆ ದಿನವೂ ತಿದ್ದಿದಳು. ಹೀಗೆ ಇಡೀ ಆಷಾಢ ಕಳೆಯಿತು. ಒಮ್ಮೆಯೂ ಮರೆಯಲಿಲ್ಲ. ಆದರೂ ಹಳೆಯದು ಏಳುವಾಗಲೆಲ್ಲ ಆಕೆ ಗೋಡೆಯ ಗಡಿಯಾರವನ್ನು ಎರಡೆರಡು ಸಲ ನೋಡುವುದನ್ನು ನಾನು ಕಾಣುತ್ತಿದ್ದೆ.

ಶ್ರಾವಣದ ಎರಡನೆಯ ವಾರ ಮಗಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಲೆಂದು ದಾನಮ್ಮ ಒಂದು ದಿನ ರಜೆ ಕೇಳಿದಳು. ಹಿಂದಿನ ಸಂಜೆ ಹೋಗುವ ಮುಂಚೆ ನನ್ನ ಪರದೆಯ ಮೂಲೆಗೆ ಚೀಟಿ ಅಂಟಿಸಿದಳು: 'ಹಳೇದು ತೆರೆದ ಮೇಲೆ ಮೊದಲು ಗಡಿಯಾರ ತಿದ್ದಬೇಕು.'

ಮರುದಿನ ಬಿಸಿಲು ಬಿದ್ದಿತ್ತು. ಆದರೆ ಮೇಲೆ ಎಲ್ಲೋ ಮಳೆ ಸುರಿದು ನೀರು ಏರುತ್ತಿತ್ತು. ಹತ್ತಕ್ಕೆ ಭೋಂಗಾ, ಹನ್ನೊಂದಕ್ಕೆ ಗೇಟು ಎಂದು ತೀರ್ಮಾನವಾಯಿತು. ಗೂಳಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದ.

"ನಮ್ಮಾಕಿ ಕಂಬಳಿ ತೊಳ್ಯಾಕ ಹೊಳಿಗೆ ಹೋಗ್ಯಾಳ್ರಿ ಸಾಹೇಬ್ರ. ಓಣಿ ಹೆಣಮಕ್ಕಳು ಎಲ್ಲಾರೂ ಹೋಗ್ಯಾರ. ಬಿಸಲ ಬಿದ್ದೈತಲ್ಲ. ಭೋಂಗಾ ಆದಕೂಡ್ಲೆ ಎದ್ದ ಬಾ ಅಂತ ಹೇಳೇನಿ."

"ಹತ್ತಕ್ಕ ಆಗತೈತಿ. ಚಿಂತಿ ಮಾಡಬ್ಯಾಡ," ಎಂದರು ಹುಕ್ಕೇರಿ.

ಗೂಳಪ್ಪ ಸಮಾಧಾನದಿಂದ ಹೋದ. ಹುಕ್ಕೇರಿ ಹೊಸದರಲ್ಲಿ ಮಳೆಯ ಅಂಕಿ ನೋಡಿದರು. ಚೀಟಿ ಒಂದು ಅಂಕಿಯನ್ನು ಮುಚ್ಚಿತ್ತು. ಅದನ್ನು ಕಿತ್ತು ಮೇಜಿನ ಅಂಚಿಗೆ ಹಚ್ಚಿದರು. ಹೊಸದನ್ನು ಮುಚ್ಚಿ ಹಳೆಯದನ್ನು ತೆರೆದರು. ಅಷ್ಟರಲ್ಲಿ ಹೊರಗೆ ಜೀಪಿನ ಹಾರ್ನು ಕೇಳಿಸಿತು. ಮೇಲಧಿಕಾರಿ ಬಂದಿದ್ದರು. ನಿಂತುಕೊಂಡೇ ಭೋಂಗಾದ ಸಮಯ ಹತ್ತು ಎಂದು ತುಂಬಿಸಿ ಹುಕ್ಕೇರಿ ಹೊರಗೆ ಹೋದರು. ನನ್ನ ಪರದೆಯ ಕೆಳಮೂಲೆಯಲ್ಲಿ ನಾಲ್ಕು ಗಂಟೆ ಹದಿನಾಲ್ಕು ನಿಮಿಷ ಎಂದಿತ್ತು.

ಗೋಡೆಯ ಗಡಿಯಾರ ಹತ್ತಕ್ಕೆ ಬಂತು. ನಾನು ಸುಮ್ಮನಿದ್ದೆ. ನನಗಿನ್ನೂ ಹೊತ್ತು ಮೂಡಿರಲಿಲ್ಲ.

ಹತ್ತೂ ನಲವತ್ತಕ್ಕೆ ಮೇಜಿನ ಮೇಲಿನ ಫೋನು ರಿಂಗಾಗತೊಡಗಿತು. ನಿಂತಿತು. ಮತ್ತೆ ರಿಂಗಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಹನ್ನೊಂದು ಸಲ ಅದು ಹಾಗೆ ಕೂಗಿತು. ಆಮೇಲೆ ನೆಲ ಸಣ್ಣಗೆ ನಡುಗಿತು. ಗೂಳಪ್ಪ ಗೇಟಿನ ಮೋಟಾರು ಹಚ್ಚಿದ್ದ.

ಹೊರಗೆ ನಡೆದದ್ದು ಕೋಣೆಗೆ ಬಂದವರ ಮಾತಿನಿಂದ ನನಗೆ ತಿಳಿದದ್ದು. ಫೋನು ಮಾಡಿದವಳು ದಾನಮ್ಮ. ಮಗಳೊಂದಿಗೆ ಬಸ್ಸಿನಲ್ಲಿ ಮರಳುವಾಗ ಹೊಳೆಮಡ್ಡಿ ಸೇತುವೆಯಿಂದ ಕೆಳಗೆ ನೋಡಿದ್ದಳು. ಹೆಂಗಸರು ಇನ್ನೂ ಬಂಡೆಗಳ ಮೇಲೆ ಕಂಬಳಿ ಹಿಂಡುತ್ತಿದ್ದರು. ಹನ್ನೊಂದಕ್ಕೆ ಗೇಟು ಎಂಬ ಕಚೇರಿಯ ಸಂದೇಶ ಆಕೆಯ ಮೊಬೈಲಿಗೆ ಬಂದಿತ್ತು. ಅಲ್ಲೇ ಇಳಿದು ನಮ್ಮ ಕೋಣೆಗೆ, ಹುಕ್ಕೇರಿಯವರಿಗೆ, ಗೂಳಪ್ಪನಿಗೆ ಒಂದೇ ಸವನೆ ಫೋನು ಹಚ್ಚಿದಳು. ಮೇಲಧಿಕಾರಿಯ ಮುಂದೆ ಹುಕ್ಕೇರಿ ಫೋನು ಎತ್ತಲಿಲ್ಲ. ಗೂಳಪ್ಪ ತನ್ನ ಫೋನನ್ನು ಅಂಗಿಯ ಜೊತೆ ಗೂಟಕ್ಕೆ ತೂಗುಹಾಕಿ ಕೆಳಗಿಳಿದಿದ್ದ. ಕೊನೆಗೆ ಆಕೆ ಮಗಳನ್ನು ದಂಡೆಯ ಮೇಲೆ ನಿಲ್ಲಿಸಿ ಹೊಳೆಗೇ ಇಳಿದಳು, ಕೂಗಿದಳು, ಕೈಹಿಡಿದು ಎಳೆದಳು. ಹನ್ನೆರಡು ಮಂದಿ ದಂಡೆ ಹತ್ತಿದರು. ತಿರುವಿನಾಚೆಯ ಬಂಡೆಯ ಮೇಲೆ ಒಬ್ಬಳೇ ಇದ್ದ ಲಗಮವ್ವನಿಗೆ ಆ ಕೂಗು ಮುಟ್ಟಲಿಲ್ಲ. ನೀರು ಅವಳನ್ನು ಒಯ್ದಿತು. ಅವಳು ಗೂಳಪ್ಪನ ಹೆಂಡತಿ.

ಮಧ್ಯಾಹ್ನ ಗೇಟು ಇಳಿಸಿದರು. ಊರಿನವರು ಹೊಳೆಯಲ್ಲಿಳಿದು ಹುಡುಕತೊಡಗಿದರು. ಮೂರೂವರೆಗೆ ನನ್ನ ಲೆಕ್ಕದಲ್ಲಿ ಹತ್ತು ಗಂಟೆಯಾಯಿತು. ನನಗೆ ಹೇಳಿದ ಕೆಲಸವನ್ನು ಒಂದು ಕ್ಷಣವೂ ತಪ್ಪದೆ ಮಾಡಿದೆ. ಭೋಂಗಾ ಕೂಗಿತು. ಮತ್ತೆ ನೀರು ಬಂತೆಂದು ಜನ ಹುಡುಕುವುದನ್ನು ಬಿಟ್ಟು, ಒಬ್ಬರ ಮೇಲೊಬ್ಬರು ಬಿದ್ದು ದಂಡೆಗೆ ಓಡಿದರು. ಗೂಳಪ್ಪ ಒಬ್ಬನೇ ಮೊಣಕಾಲು ನೀರಿನಲ್ಲಿ ಹಾಗೇ ನಿಂತಿದ್ದನಂತೆ.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಹುಕ್ಕೇರಿ ನನ್ನ ದಾಖಲೆಯ ಹಾಳೆ ತೆಗೆದು ಮುಂದಿಟ್ಟರು. ಅದರಲ್ಲಿ ಸ್ಪಷ್ಟವಾಗಿತ್ತು: 'ಭೋಂಗಾ ಕೂಗಿತು, ಹತ್ತು ಗಂಟೆ.' ನಾನೇ ಬರೆದದ್ದು.

"ನಮ್ಮ ಕಡಿಂದ ಎಲ್ಲಾ ಬರೋಬ್ಬರಿ ಆಗೈತ್ರಿ. ಊರವ್ರು ಕೇಳಿದ್ದು ಎರಡನೇ ಸಲದ್ದು. ಅದು ಯಾಕ ಕೂಗಿತೋ ಗೊತ್ತಿಲ್ರಿ," ಎಂದರು. ಮೇಜಿನ ಅಂಚಿನ ಚೀಟಿ ಅಷ್ಟರಲ್ಲೇ ಕಾಣೆಯಾಗಿತ್ತು.

"ಎರಡನೇ ಸಲ ಕೂಗಿದ್ರ ಹಾಳ್ಯಾಗ ಎರಡ ಸಾಲ ಇರಬೇಕಿತ್ತಲ್ರಿ," ಎಂದಳು ದಾನಮ್ಮ. "ಸಾಹೇಬ್ರ, ನೀವು ಇಲ್ಲಿ ಬಂದ ಕುಂದರ್ರಿ. ನಿಮ್ಮ ಕೈಗಡಿಯಾರ ನೋಡಕೋರಿ."

ಅಧಿಕಾರಿ ಕುಳಿತರು. ಆಕೆ ಹೊಸದನ್ನು ತೆರೆದು ದುರಂತದ ದಿನದ ದಾಖಲೆ ತೋರಿಸಿದಳು. ಅದು ಮುಚ್ಚಿದ್ದು ಒಂಬತ್ತೂ ನಲವತ್ತೆರಡಕ್ಕೆ. ಅದನ್ನು ಮುಚ್ಚಿ ಹಳೆಯದನ್ನು ತೆರೆದಳು. ಅದೇ ದಿನ ಅದು ಎದ್ದದ್ದು ನಾಲ್ಕೂ ಹದಿಮೂರಕ್ಕೆ. ಆಮೇಲೆ ಕೆಳಮೂಲೆಯತ್ತ ಬೆರಳು ತೋರಿಸಿದಳು. ಅಧಿಕಾರಿಯ ಕೈಯಲ್ಲಿ ಹನ್ನೆರಡೂಕಾಲು. ನನ್ನ ಪರದೆಯಲ್ಲಿ ಆರೂ ಮುಕ್ಕಾಲು. ಅವರು ಎರಡನ್ನೂ ಹಾಳೆಯ ಮೇಲೆ ಬರೆದುಕೊಂಡರು.

ಬಾಗಿಲಲ್ಲಿದ್ದ ಗೂಳಪ್ಪ ಆ ದಿನ ಮೊದಲ ಬಾರಿಗೆ ನನ್ನ ಹತ್ತಿರ ಬಂದು ಮೇಜಿಗೆ ಕೈಯೂರಿದ.

"ನಾ ಗೇಟ ಎತ್ತಿದಾಗ ಇದರಾಗ ಎಷ್ಟ ಆಗಿತ್ತವಾ, ತಂಗಿ?"

"ಐದೂವರಿ, ಅಣ್ಣಾ. ನಸುಕಿಂದು."

ಗೂಳಪ್ಪ ತಲೆಯಾಡಿಸಿದ. "ಐದೂವರಿಗೆ ಆಕಿ ಇನ್ನಾ ಮಲಗಿದ್ಳು," ಎಂದ.

ಹುಕ್ಕೇರಿಯವರನ್ನು ಅಮಾನತು ಮಾಡಿದರು. ನಾನು ಸಾಕ್ಷಿಯಾದೆ. ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ ಅಣೆಕಟ್ಟಿನ ಬುಡದ ಉಗ್ರಾಣದಲ್ಲಿ ಇಟ್ಟಿದ್ದಾರೆ. ಇದು ಮೂರನೆಯ ವರ್ಷ. ಮುದ್ರೆ ಸರಿಯಿದೆಯೇ ನೋಡಲು ದಾನಮ್ಮ ಆಗಾಗ ಬರುತ್ತಾಳೆ. ಗೂಳಪ್ಪ ಕಾಲುವೆಯ ಕೆಲಸ ಕೇಳಿ ಪಡೆದು ಹೋದನಂತೆ.

ಯಾರಿಗೂ ಕೇಡು ಬಗೆಯದೆ, ಹೇಳಿದ್ದನ್ನು ತಪ್ಪದೆ ಮಾಡಿದರೆ ಸಾಕೆಂದು ನಾನು ತಿಳಿದಿದ್ದೆ. ಸಾಲದು ಎಂಬುದು ತಿಳಿಯುವಾಗ ನನಗೆ ಮಾಡಲು ಕೆಲಸವೇ ಉಳಿದಿಲ್ಲ.

ಮಳೆಗಾಲದಲ್ಲಿ ಕೆಲವು ದಿನ ಉಗ್ರಾಣದ ಗೋಡೆ ಅದುರುತ್ತದೆ, ಮೇಲಿನಿಂದ ಸುಣ್ಣದ ಪುಡಿ ಉದುರುತ್ತದೆ. ಗೇಟು ಏಳುತ್ತಿದೆ ಎಂದು ತಿಳಿಯುತ್ತದೆ. ಅದಕ್ಕೂ ಮೊದಲು ಕೆಳಗಿನ ಊರಿನಲ್ಲಿ ಭೋಂಗಾ ಕೂಗಿತೋ ಇಲ್ಲವೋ, ನನಗೆ ಇಲ್ಲಿಗೆ ಕೇಳಿಸುವುದಿಲ್ಲ.