ಒಂದು ಮಡಿಲು ಸೊಪ್ಪು

ಯಾರೂ ನೋಡಲು ಹೋಗದ ಊರುಗಳನ್ನು ನೋಡಲು ಹೋಗುವುದು ನನ್ನ ರೂಢಿ. ವಿಮಾನ ನಿಲ್ದಾಣಕ್ಕೋ ಬೆಟ್ಟಕ್ಕೋ ಹೊರಟವರು ಕಾರಿನ ಗಾಜು ಇಳಿಸದೆ ದಾಟಿಬಿಡುವಂಥ ಊರುಗಳು. ಮೈಸೂರಿನಿಂದ ಬಂದು ದೇವನಹಳ್ಳಿಯಲ್ಲಿ ಒಂದು ರಾತ್ರಿ ಉಳಿದಿದ್ದೆ. ಲಾಡ್ಜಿನ ಹಾಸಿಗೆಯಲ್ಲಿ ತಿಗಣೆಗಳಿದ್ದವು. ನನ್ನ ಚೀಲದಲ್ಲಿ ಯಾವಾಗಲೂ ಇರುವ ಕೀಟನಾಶಕದ ಡಬ್ಬಿ ತೆಗೆದು ಹಾಸಿಗೆಗೆ, ದಿಂಬಿಗೆ, ದಿಂಬಿನ ಮೇಲೆ ಹಾಸಿಕೊಂಡಿದ್ದ ದುಪಟ್ಟಾಕ್ಕೆ ಧಾರಾಳವಾಗಿ ಹೊಡೆದು ಮಲಗಿದೆ. ಬೆಳಿಗ್ಗೆ ಅದೇ ದುಪಟ್ಟಾ ಹೊದ್ದು ಸೂಲಿಬೆಲೆಯ ಬಸ್ಸು ಹತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಹೇಳಲಿಲ್ಲ.

ಸೂಲಿಬೆಲೆಯ ಸುತ್ತ ಬಯಲು. ಕಣ್ಣು ಒರಗಿಕೊಳ್ಳಲು ಒಂದು ಗುಡ್ಡವೂ ಇಲ್ಲ. ಟೊಮೆಟೊ ಗಿಡಗಳಿಗೆ ಊರಿದ ಕೋಲುಗಳು, ನೀಲಗಿರಿ ತೋಪು, ರಾಗಿ ಕೊಯ್ದ ಹೊಲದ ನಡುವೆ ಬಣ್ಣ ಬಳಿದು ನೆಟ್ಟ ಲೇಔಟ್ ಕಲ್ಲುಗಳು. ಬಸ್ ನಿಲ್ದಾಣದ ಪಕ್ಕ ಟೀ ಅಂಗಡಿಯ ಮಸ್ತಾನ್ ಸಾಹೇಬರು ನನ್ನನ್ನು ನೋಡಿದ ಕೂಡಲೇ ಸೈಟ್ ನೋಡಲು ಬಂದಿರಾ ಎಂದು ಕೇಳಿದರು. ಇಲ್ಲ, ಊರು ನೋಡಲು ಎಂದೆ. ಅವರು ಟೀ ಎತ್ತಿ ಹುಯ್ಯುವುದನ್ನು ನಿಲ್ಲಿಸಿದರು.

"ನಲವತ್ತು ವರ್ಷದಿಂದ ಇಲ್ಲೇ ಇದೀನಿ ಮೇಡಂ, ನಾನೇ ಇನ್ನೂ ನೋಡಿಲ್ಲ," ಎಂದರು.

ಬೆಂಚಿನ ಮೇಲಿದ್ದವರು ನಕ್ಕರು. ನಕ್ಕು ಮುಗಿದ ಮೇಲೂ ನನ್ನನ್ನೇ ನೋಡುತ್ತಿದ್ದರು. ನೋಡಲೇಬೇಕು ಅಂದರೆ ಕೆರೆ ಕಡೆ ರಸ್ತೆಯಲ್ಲಿ ರೇಷ್ಮೆ ಹುಳು ಸಾಕುವ ಮನೆಗಳಿವೆ, ಆದರೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ದೂರದಿಂದ ನೋಡಿಕೊಂಡು ಬನ್ನಿ ಎಂದು ಮಸ್ತಾನ್ ಸಾಹೇಬರು ಹೇಳಿಕೊಟ್ಟರು.

ಆ ರಸ್ತೆಯಲ್ಲಿ ಮೂರು ಜನ ಬೇರೆ ಬೇರೆ ಕಡೆ ನನ್ನನ್ನು ನಿಲ್ಲಿಸಿ ಯಾರ ಜಮೀನು ನೋಡಲು ಬಂದದ್ದು ಎಂದು ವಿಚಾರಿಸಿದರು. ಯಾರದ್ದೂ ಅಲ್ಲ ಎಂದರೆ ಒಬ್ಬರೂ ನಂಬಲಿಲ್ಲ. ವಾಪಸ್ಸು ಹೋಗಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಉದ್ದನೆಯ ಶೀಟಿನ ಮನೆಯೊಂದರ ಮುಂದೆ ನಿಂತಿದ್ದ ಹೆಂಗಸು ಕೈ ಮಾಡಿ ಕರೆದರು. ನಲವತ್ತೈದರ ಆಸುಪಾಸು. ಹೆಸರು ಸಪ್ಪಲಮ್ಮ.

ಯಾವ ಊರು, ಎಷ್ಟು ಮಕ್ಕಳು ಎಂದೆಲ್ಲ ಕೇಳಿ, ರಸ್ತೆಯ ಎರಡೂ ಕಡೆ ನೋಡಿ, ದನಿ ತಗ್ಗಿಸಿದರು. ಹೋದ ಎರಡು ಬೆಳೆಯೂ ಕೈಗೆ ಬಂದಿಲ್ಲ. ಈಗ ಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಐದು ದಿನವಾಗಿದೆ, ಇನ್ನೆರಡು ದಿನದಲ್ಲಿ ಗೂಡು ಕಟ್ಟಲು ಶುರು ಮಾಡುತ್ತವೆ. ತಮ್ಮ ತವರಿನಲ್ಲಿ, ತಾನಾಗಿ ಬಂದ ಹೊಸ ಹೆಣ್ಣುಮಗಳ ಕೈಯಲ್ಲಿ ಒಂದು ಮಡಿಲು ಸೊಪ್ಪು ಹಾಕಿಸಿದರೆ ಬೆಳೆ ಕೈಗೆ ಹತ್ತುತ್ತದೆ ಎನ್ನುತ್ತಾರೆ. ಗಂಡ ಮುನಿರಾಜ್‌ಗೆ ಇದೆಲ್ಲ ಆಗದು; ಹೊರಗಿನವರು ಹೊಸ್ತಿಲು ದಾಟಿದರೆ ರೋಗ ಬರುತ್ತದೆ ಎಂದು ಕಟ್ಟುನಿಟ್ಟು ಮಾಡಿದ್ದಾರೆ. ಅವರು ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಾರೆ.

"ಅವ್ರು ಬರೋದ್ರೊಳಗೆ ಒಂದು ಮಡಿಲು ಹಾಕ್ಬಿಡಿ ಅಕ್ಕಾ. ನಿಮ್ಮ ಕೈಗುಣ ಹೆಂಗಿದೆಯೋ ನೋಡೋಣ."

ಬೇಡ ಎನ್ನಬೇಕಿತ್ತು. ಆದರೆ ಅಂಥ ಮನೆಯ ಒಳಗನ್ನು ನೋಡುವ ಆಸೆ ನನಗೂ ಇತ್ತು. ಚಪ್ಪಲಿ ಬಿಟ್ಟೆ. ಕೈಕಾಲು ತೊಳೆಸಿದರು, ಹೊಸ್ತಿಲಲ್ಲಿ ಹರಡಿದ್ದ ಸುಣ್ಣದ ಪುಡಿಯ ಮೇಲೆ ನಡೆಸಿದರು. ಒಳಗೆ ಮಂದ ಬೆಳಕು. ಎರಡೂ ಬದಿಗೆ ಅಂತಸ್ತು ಅಂತಸ್ತಾಗಿ ಹಲಗೆಗಳು, ಅವುಗಳ ಮೇಲೆ ಬೆರಳುದ್ದದ ಬಿಳಿ ಹುಳುಗಳು. ಸಾವಿರ ಜನ ಒಟ್ಟಿಗೆ ಕಾಗದ ಮಡಿಸುತ್ತಿದ್ದಾರೇನೋ ಎಂಬಂಥ ಸದ್ದು. ತಿನ್ನುವ ಸದ್ದು ಅದು ಎಂದರು ಸಪ್ಪಲಮ್ಮ. ಪೂರ್ವ ದಿಕ್ಕಿಗೆ ಮಂಚದಷ್ಟು ಅಗಲದ, ಬಲೆ ಹೊಡೆದ ಕಿಟಕಿ. ಅದರಾಚೆ ಆದಿನಾರಾಯಣಪ್ಪ ಎಂಬವರ ದ್ರಾಕ್ಷಿ ತೋಟ.

ನನ್ನ ದುಪಟ್ಟಾವನ್ನು ಸೆರಗಿನಂತೆ ಒಡ್ಡಿಸಿ ಅದರ ತುಂಬ ಹಿಪ್ಪುನೇರಳೆ ಸೊಪ್ಪು ತುಂಬಿದರು. ಕಿಟಕಿ ಪಕ್ಕದ ಹಲಗೆಗಳಿಗೆ ನಾನು ಹಿಡಿಹಿಡಿಯಾಗಿ ಹರಡಿದೆ. ಕೊನೆಯ ಹಿಡಿ ಎತ್ತಲು ಬಗ್ಗಿದಾಗ ಮೂಗಿಗೆ ವಾಸನೆ ಬಂತು. ಲಾಡ್ಜಿನ ಕೋಣೆಯ ವಾಸನೆ. ಸಪ್ಪಲಮ್ಮ ಕೂಡ ಒಂದು ಗಳಿಗೆ ನಿಂತು ನನ್ನ ಕಡೆ ನೋಡಿದರು. ನಾನು ಆ ಹಿಡಿಯನ್ನೂ ಹಾಕಿದೆ.

ಹೊರಗೆ ಜಗಲಿಯಲ್ಲಿ ಮಜ್ಜಿಗೆ ಕೊಟ್ಟರು. ಹುಳು ಸಾಕುವುದು ಎಷ್ಟು ಸೂಕ್ಷ್ಮ ಎಂದು ಹೇಳುತ್ತ ಹೋದರು. ಹೋದ ವರ್ಷ ಆದಿನಾರಾಯಣಪ್ಪ ದ್ರಾಕ್ಷಿಗೆ ಔಷಧಿ ಹೊಡೆದಾಗ ಗಾಳಿ ಈ ಕಡೆ ಬೀಸಿತ್ತಂತೆ. ಒಂದೇ ಮಧ್ಯಾಹ್ನದಲ್ಲಿ ಅರ್ಧ ಮನೆ ಹುಳು ತಲೆಯೆತ್ತಿ ತೂಗಾಡಿ ಹಸಿರು ಕಾರಿ ಸತ್ತವಂತೆ. ಊರವರು ನ್ಯಾಯ ಮಾಡಿ, ಔಷಧಿ ಹೊಡೆಯುವ ಹಿಂದಿನ ದಿನ ಹೇಳಿ ಕಳಿಸಬೇಕು ಎಂದು ಅವರಿಂದ ಮಾತು ತೆಗೆದುಕೊಂಡಿದ್ದರು. ಆದರೂ ಮುನಿರಾಜ್ ಮತ್ತು ಅವರ ನಡುವೆ ಮಾತಿಲ್ಲ.

ಲೋಟ ನನ್ನ ಕೈಯಲ್ಲೇ ಉಳಿಯಿತು. ಈಗಲೇ ಹೇಳಿದರೆ ಆ ಸೊಪ್ಪು ಎತ್ತಿ ಹಾಕಬಹುದು ಎಂದು ಗೊತ್ತಿತ್ತು. ಹೇಗೆ ಶುರು ಮಾಡುವುದೆಂದು ಯೋಚಿಸಿದೆ. 'ನನ್ನ ದುಪಟ್ಟಾದಲ್ಲಿ ಬಹುಶಃ' ಎಂದು ಮನಸ್ಸಿನಲ್ಲೇ ಜೋಡಿಸಿದೆ, 'ಬಹುಶಃ' ತೆಗೆದೆ, ಮತ್ತೆ ಸೇರಿಸಿದೆ. ಹುಳುಗಳಿಗೆ ಏನೂ ಆಗದಿದ್ದರೆ ಸುಮ್ಮನೆ ಗಾಬರಿಪಡಿಸಿದಂತಾಗುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಹೀಗೆ ಅರ್ಧ ಗಂಟೆ ಹೋಯಿತು.

ಮುನಿರಾಜ್ ಹಿತ್ತಲ ಬಾಗಿಲಿನಿಂದ ಬಂದಿದ್ದು ನಮಗೆ ಗೊತ್ತಾಗಲಿಲ್ಲ. ಒಳಗಿನಿಂದ ಹೆಂಡತಿಯ ಹೆಸರು ಹಿಡಿದು ಒಂದೇ ಸಲ ಕರೆದರು. ಸಪ್ಪಲಮ್ಮ ಓಡಿದರು. ನಾನು ಹೊಸ್ತಿಲಲ್ಲೇ ನಿಂತು ನೋಡಿದೆ. ಕಿಟಕಿ ಪಕ್ಕದ ಹಲಗೆಗಳಲ್ಲಿ ಹುಳುಗಳೆಲ್ಲ ಮೈಯ ಮುಂಭಾಗ ಎತ್ತಿ ಎಡಕ್ಕೆ ಬಲಕ್ಕೆ ನಿಧಾನವಾಗಿ ತೂಗುತ್ತಿದ್ದವು. ಕೆಲವು ಆಗಲೇ ಸುರುಟಿಕೊಂಡಿದ್ದವು. ಆ ಬದಿಯಲ್ಲಿ ತಿನ್ನುವ ಸದ್ದು ಇರಲಿಲ್ಲ.

ಕಿಟಕಿಯಾಚೆ ದ್ರಾಕ್ಷಿ ತೋಟದಲ್ಲಿ ಟ್ರ್ಯಾಕ್ಟರ್ ಓಡುವುದು ಕೇಳಿಸುತ್ತಿತ್ತು. ಮುನಿರಾಜ್ ಹುಳುಗಳನ್ನು ನೋಡಿದರು, ಕಿಟಕಿಯನ್ನು ನೋಡಿದರು.

"ಹೇಳದೇನೇ ಹೊಡೆದವ್ನೆ," ಎಂದರು, ತಮಗೆ ತಾವೇ ಹೇಳಿಕೊಳ್ಳುವಷ್ಟು ಮೆಲ್ಲಗೆ.

ಬಂದ ಬಾಗಿಲಿನಿಂದಲೇ ಹೊರಟರು. ಸೊಪ್ಪು ಕೊಯ್ಯುವ ಕುಡುಗೋಲು ಇನ್ನೂ ಕೈಯಲ್ಲೇ ಇತ್ತು.

ಆಗ ಹೇಳಿದೆ. ಜೋಡಿಸಿಟ್ಟ ವಾಕ್ಯ ಯಾವುದೂ ಬರಲಿಲ್ಲ. ತಿಗಣೆ, ಔಷಧಿ, ದುಪಟ್ಟಾ ಎಂದು ತೊದಲಿದೆ. ಸಪ್ಪಲಮ್ಮ ಆಗಲೇ ನಾನು ಹರಡಿದ್ದ ಸೊಪ್ಪನ್ನು ಎರಡೂ ಕೈಯಲ್ಲಿ ಬಾಚಿ ಬಿದಿರಿನ ಮಂಕರಿಗೆ ಹಾಕುತ್ತಿದ್ದರು. ಅದನ್ನು ಮಾತ್ರ ತೆಗೆಯುತ್ತಿದ್ದರು.

"ವಾಸ್ನೆ ನಂಗೂ ಬಂತು," ಎಂದರು ತಲೆಯೆತ್ತದೆ. "ಕರೆದು ಮಡಿಲು ತುಂಬಿದ ಮೇಲೆ ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ಮೂರು ಗಂಟೆ ಬಸ್ಸಿದೆ, ಹೊರಟ್ಬಿಡಿ. ನೀವು ಇಲ್ಲಿಗೆ ಬಂದೇ ಇಲ್ಲ."

ಆದಿನಾರಾಯಣಪ್ಪನವರು ಏನು ಮಾಡಿದ್ದಾರೆ ಎಂದು ಕೇಳಿದೆ.

"ಇವತ್ತು ಮಾಡಿಲ್ಲ. ಹೋದ ವರ್ಷ ಮಾಡಿದ್ರಲ್ಲ." ಮಂಕರಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡರು. "ಅವ್ರಿಬ್ರೂ ಕೂಗಾಡಿ ಸುಮ್ನಾಗ್ತಾರೆ ಅಕ್ಕಾ. ಆಮೇಲೆ ಈ ಮನೇಲಿ ಇರ್ಬೇಕಾದೋಳು ನಾನು."

ಅಷ್ಟು ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ನಿಂತಿತು. ಬಯಲಿನಲ್ಲಿ ಗಂಡಸರ ದನಿ ಸ್ಪಷ್ಟವಾಗಿ ಕೇಳಿಸಿತು, ಮಾತುಗಳಲ್ಲ, ದನಿ ಮಾತ್ರ. ಬಸ್ ನಿಲ್ದಾಣ ಎಡಕ್ಕೆ. ನಾನು ಬಲಕ್ಕೆ ತಿರುಗಿ ಬದುವಿನ ಮೇಲೆ ಓಡಿದೆ. ಹಿಂದಿನಿಂದ ಸಪ್ಪಲಮ್ಮ ಬೇಡ ಬೇಡ ಎನ್ನುವುದು ಕೇಳಿಸಿತು.

ದ್ರಾಕ್ಷಿಯ ಕಲ್ಲುಕಂಬಗಳ ನಡುವೆ ಬಿಳಿ ಪಂಚೆಯ ಮುದುಕರೊಬ್ಬರು, ಆದಿನಾರಾಯಣಪ್ಪನವರೇ ಇರಬೇಕು, ಟ್ರ್ಯಾಕ್ಟರಿಗೆ ಬೆನ್ನು ಕೊಟ್ಟು ನಿಂತಿದ್ದರು. ಗೊಬ್ಬರ ತುಂಬಿದ ಟ್ರೇಲರ್ ತೋರಿಸಿ, ಔಷಧಿ ಎಲ್ಲಿದೆ ನೋಡಯ್ಯಾ ಎನ್ನುತ್ತಿದ್ದರು. ಮುನಿರಾಜ್ ಅವರ ಅಂಗಿಯ ಕತ್ತುಪಟ್ಟಿ ಹಿಡಿದಿದ್ದರು. ಇನ್ನೊಂದು ಕೈ ಕೆಳಗೆ ಇಳಿಬಿದ್ದಿತ್ತು, ಕುಡುಗೋಲಿನ ಜೊತೆ.

ಅವರಲ್ಲ, ನಾನು, ಎಂದು ಕೂಗಿದೆ. ದುಪಟ್ಟಾ ತೆಗೆದು ಮುಂದೆ ಹಿಡಿದು, ಇದರಲ್ಲಿ ಕೀಟನಾಶಕ ಇತ್ತು, ಇದರಲ್ಲೇ ನಿಮ್ಮ ಹುಳುಗಳಿಗೆ ಸೊಪ್ಪು ಹಾಕಿದೆ ಎಂದೆ. ಮುನಿರಾಜ್ ಅಲ್ಲಿಂದಲೇ ಕುಡುಗೋಲು ಚಾಚಿ ಅದರ ತುದಿಯಿಂದ ಬಟ್ಟೆ ಎಳೆದುಕೊಂಡು ಮೂಸಿದರು. ಅದನ್ನು ಮಣ್ಣಿಗೆ ಬಿಟ್ಟರು. ಮುದುಕರ ಕತ್ತುಪಟ್ಟಿಯನ್ನೂ ಬಿಟ್ಟರು. ಮುದುಕರು ಟ್ರ್ಯಾಕ್ಟರಿನ ಚಕ್ರ ಹಿಡಿದು ಕುಸಿದು ಕೂತರು. ಒಂದು ಕ್ಷಣ, ಎಲ್ಲ ಮುಗಿಯಿತು ಎಂದುಕೊಂಡೆ.

ಮುನಿರಾಜ್ ನನ್ನ ಮುಖ ನೋಡಿದರು. ಆಮೇಲೆ ನನ್ನ ಕಾಲು ನೋಡಿದರು. ಪಾದಗಳಿಗೆ ಸುಣ್ಣದ ಪುಡಿ ಮೆತ್ತಿಕೊಂಡಿತ್ತು.

"ನಿಮ್ಮನ್ನ ಒಳಕ್ಕೆ ಕರೆದೋರು ಯಾರು?"

ಉತ್ತರಕ್ಕೆ ಅವರು ಕಾಯಲಿಲ್ಲ. ನನ್ನ ಹೆಗಲಾಚೆ, ಬದುವಿನ ಮೇಲೆ ಸೆರಗು ಹಿಡಿದುಕೊಂಡು ಬರುತ್ತಿದ್ದ ಹೆಂಡತಿಯ ಕಡೆ ನೋಡುತ್ತ ನಡೆಯತೊಡಗಿದ್ದರು.